ಮುಗಿಯದ ಮಾರ್ಚ್

"ಒಂಬತ್ತನೇ ಕ್ಲಾಸಿಗೇ ಚೀಲ ಎಸೆದೋನ ಕೈಗೆ ಕಂಪ್ಯೂಟರ್ ಕೊಟ್ಟೆನಲ್ಲ, ಮೊದಲು ನನ್ನ ಚಪ್ಪಲಿ ತಗೊಂಡು ನಾನೇ ಹೊಡ್ಕೋಬೇಕು," ಎಂದ ಮ್ಯಾನೇಜರ್.

ಅಷ್ಟಕ್ಕೇ ಬಿಟ್ಟಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ಬಾಗಿಲಲ್ಲಿ ನಿಂತಿದ್ದ ಇಬ್ಬರು ಲಾರಿ ಡ್ರೈವರುಗಳ ಕಡೆ, ಅವರ ಹಿಂದೆ ಕತ್ತು ಚಾಚಿದ್ದ ಲೋಡಿಂಗಿನವರ ಕಡೆ ಒಂದು ಸುತ್ತು ಕಣ್ಣಾಡಿಸಿ, ಎಲ್ಲರ ಕಿವಿಯೂ ತನ್ನ ಕಡೆಗೇ ಇದೆ ಎಂದು ಖಾತ್ರಿ ಮಾಡಿಕೊಂಡು, ಚೀಟಿಗೆ ಸಹಿ ಹಾಕಿಸಲು ಬಂದಿದ್ದ ಆ ಹುಡುಗನ ಅಣ್ಣನ ಕಡೆ ತಿರುಗಿದ. "ನಿನ್ನ ತಮ್ಮ ತಾನೆ ಇವನು? ದಿನವೆಲ್ಲ ಶೆಡ್ಡಲ್ಲಿ ಗಾಳಿ ತುಂಬ್ತೀಯಲ್ಲ, ಮಿಕ್ಕಿದ್ದನ್ನ ಮನೆಗೆ ತಗೊಂಡೋಗಿ ಇವನ ತಲೆಗೆ ತುಂಬಿದೀಯ."

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಹಲ್ಲು ಕಾಣದ, ತುಟಿ ಮಾತ್ರ ಅಗಲವಾದ ನಗು. ಕಂಪ್ಯೂಟರಿನ ಮುಂದೆ ಕೂತಿದ್ದ ತಮ್ಮನಿಗೆ ಚುಚ್ಚಿದ್ದು ಮ್ಯಾನೇಜರನ ಮಾತಲ್ಲ, ಅಣ್ಣನ ಆ ನಗು.

ಅವನಿಗೆ ತಂದೆ ತಾಯಿ ಇಟ್ಟ ಹೆಸರು ಯಾವುದಿತ್ತೋ, ಕರೆಯುವವರೆಲ್ಲ ಕರೆಯುತ್ತಿದ್ದದ್ದು ರಿಪೇರಿ ಅಂತಲೇ. ಇಪ್ಪತ್ತೊಂದು ವರ್ಷ. ಹೆಗಲ ಮೇಲೊಂದು ಚೀಲ, ಅದರಲ್ಲಿ ಸ್ಕ್ರೂ ಡ್ರೈವರುಗಳು, ನಾಲ್ಕು ಪೆನ್ ಡ್ರೈವು, ಒಂದು ಪೇಂಟ್ ಬ್ರಷ್ಷು. ಬ್ರಷ್ಷು ಧೂಳು ಹೊಡೆಯುವುದಕ್ಕೆ. ಪೇಟೆಯ ಅರ್ಧ ಅಂಗಡಿಗಳ ಕಂಪ್ಯೂಟರುಗಳು ಅವನ ಕೈಯಲ್ಲಿ ಸತ್ತು ಹುಟ್ಟಿದ್ದವು. ಆದರೂ ಅವನ ಹಣೆಯ ಮೇಲೆ ಒಂಬತ್ತನೇ ಕ್ಲಾಸು ಅಂತ ಬರೆದಿರುವುದನ್ನು ಓದದೆ ಯಾರೂ ಕೆಲಸ ಕೊಡುತ್ತಿರಲಿಲ್ಲ.

"ಸಾರ್, ಸಾಫ್ಟ್‌ವೇರ್ ಸರಿಯಾಗೇ ಇದೆ. ಮೆಷೀನಲ್ಲಿ ಏನೋ ಅಡ್ಡ ಬರ್ತಿದೆ," ಎಂದ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನಾಲ್ಕು ಗಂಟೆಗೆ ಹೆಡ್ಡಾಫೀಸಿನವರು ಬರ್ತಾರೆ. ಅಷ್ಟರೊಳಗೆ ಆಯ್ತೋ ಸರಿ. ಇಲ್ಲ, ನೀನು, ನಿನ್ನ ಚೀಲ, ಎರಡೂ ಗೇಟಿನಾಚೆ." ಮ್ಯಾನೇಜರ್ ತನ್ನ ಗಾಜಿನ ಕೋಣೆಗೆ ಹೋದ. ಆಟ ಮುಗಿಯಿತೆಂದು ಜನವೂ ಚದುರಿತು.

ಅಣ್ಣ ಮಾತ್ರ ಉಳಿದ. ಅಪ್ಪ ಹೋದಾಗ ಹದಿನೇಳರ ಹುಡುಗನಾಗಿದ್ದವನು ಈ ಆಕ್ಸಿಜನ್ ಕಾರ್ಖಾನೆಗೆ ಸೇರಿ, ತಮ್ಮನಿಗೆ ಅನ್ನ ಹಾಕಿ, ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿ ಬೆಳೆಸಿದವನು. ಈಗಲೂ ಇಬ್ಬರಿಗೂ ಒಂದೇ ಕೋಣೆ, ಒಂದೇ ಕನ್ನಡಿ.

"ಯಾಕಣ್ಣ ನಕ್ಕೆ?"

"ನಗದೆ ಏನ್ ಮಾಡ್ಲಿ, ಎಲ್ಲರ ಮುಂದೆ ಅಳ್ಲಾ?" ಅಣ್ಣ ಜೇಬಿನಿಂದ ಮಡಚಿದ ಚೀಟಿಯೊಂದನ್ನು ತೆಗೆದು ಕೀಬೋರ್ಡಿನ ಪಕ್ಕ ಇಟ್ಟ. "ಹೊಸ ಪ್ರೋಗ್ರಾಮು ಸರಿಯಾದ್ಮೇಲೆ ಈ ಎರಡು ಸಿಲಿಂಡರ್ ನಂಬರ್ ನೋಡ್ತೀಯಾ? ಇವತ್ತು ಬೆಳಿಗ್ಗೆ ಸ್ಪ್ಯಾನರಿಂದ ತಟ್ಟಿದೆ. ಒಳ್ಳೇ ಸಿಲಿಂಡರ್ ಗಂಟೆ ಥರ ಅನ್ನುತ್ತೆ. ಇವು ಒಡಕು ಮಡಕೆ ಥರ ಅಂತವೆ."

"ಮ್ಯಾನೇಜರಿಗೆ ಹೇಳ್ಲಿಲ್ವಾ?"

"ಹೇಳ್ದೆ. ಕಂಪ್ಯೂಟರ್ ಹಸಿರು ತೋರಿಸ್ತಿದೆ, ನಿನ್ನ ಕಿವಿ ದೊಡ್ಡದೋ ಕಂಪ್ಯೂಟರ್ ದೊಡ್ಡದೋ ಅಂದ. ಊಟ ಆದ್ಮೇಲಿನ ಸಾಲಿಗೆ ಹಾಕಿದೀನಿ."

"ತುಂಬಬೇಡ."

"ನೀನು ಇದನ್ನ ಸರಿಮಾಡು. ನಾನು ಅದನ್ನ ತುಂಬ್ತೀನಿ. ಇಬ್ರೂ ಕೆಲಸ ಉಳಿಸಿಕೊಳ್ಳೋಣ," ಎಂದು ಅಣ್ಣ ತಮ್ಮನ ತಲೆಯ ಮೇಲೊಂದು ಮೊಟಕಿ ಹೋದ.

ಕೆಲಸ ಇಷ್ಟೇ ಇತ್ತು. ಸಿಲಿಂಡರ್ ರಿಜಿಸ್ಟರಿಗೆಂದು ಹೆಡ್ಡಾಫೀಸಿನವರು ಹೊಸ ಪ್ರೋಗ್ರಾಮ್ ಕಳಿಸಿದ್ದರು. ಅದು ನಿಲ್ಲಬೇಕಾದರೆ ಕೆಳಗೆ ಡೇಟಾಬೇಸ್ ಇರಬೇಕು, ಗೋಡೆಗೆ ಪಾಯ ಇದ್ದ ಹಾಗೆ. ಆ ಪಾಯವೇ ಕೂರುತ್ತಿರಲಿಲ್ಲ. ನೀಲಿ ಪಟ್ಟಿ ತೊಂಬತ್ತರವರೆಗೆ ನೆಟ್ಟಗೆ ಓಡುತ್ತಿತ್ತು. ಅಲ್ಲಿ ಉಸಿರು ಹಿಡಿದ ಹಾಗೆ ನಿಲ್ಲುತ್ತಿತ್ತು. ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು, ಹಾಕಿದ್ದನ್ನೆಲ್ಲ ತಾನೇ ಕಿತ್ತುಹಾಕಿ, ಇನ್‌ಸ್ಟಾಲ್ ಆಗಲಿಲ್ಲ ಎಂದು ಒಂದು ಪೆಟ್ಟಿಗೆ ತೋರಿಸಿ ಕೂರುತ್ತಿತ್ತು. ಬೆಳಿಗ್ಗೆಯಿಂದ ನಾಲ್ಕು ಸಲ.

ಡಿಸ್ಕಿನಲ್ಲಿ ಜಾಗ ಇದೆಯೇ ನೋಡಿದ್ದ. ಬೇಕಾದಷ್ಟಿತ್ತು. ಆಂಟಿವೈರಸ್ ಮಲಗಿಸಿದ. ಹಿಂದಿನ ಪ್ರಯತ್ನಗಳು ಬಿಟ್ಟುಹೋದ ಫೋಲ್ಡರುಗಳನ್ನು ಗುಡಿಸಿ ಹಾಕಿದ. ಪೆನ್ ಡ್ರೈವಿನ ಪ್ರತಿ ಕೆಟ್ಟಿರಬಹುದೆಂದು ಇನ್ನೊಂದು ಪ್ರತಿ ತಂದ. ಈ ಕಂಪ್ಯೂಟರಿಗೆ ಇಂಟರ್ನೆಟ್ ಇರಲಿಲ್ಲ; ರಿಜಿಸ್ಟರ್ ಹೊರಗಿನ ಗಾಳಿ ತಾಗದೆ ಇರಬೇಕೆಂಬುದು ಮ್ಯಾನೇಜರನ ಕಟ್ಟಪ್ಪಣೆ. ಐದನೇ ಸಲ ಶುರು ಮಾಡಿದ. ತೊಂಬತ್ತು. ಉಸಿರು. ಹಿಂದಕ್ಕೆ.

"ಏನಂತೆ ಅದಕ್ಕೆ?" ಎಂದರು ಪಕ್ಕದ ಮೇಜಿನ ಟೈಪಿಸ್ಟಮ್ಮ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದು ಎಷ್ಟೋ ಕಾಲವಾಗಿದ್ದರೂ ಅವರ ಹೆಸರು ಬದಲಾಗಿರಲಿಲ್ಲ. ಇನ್ನೊಂದು ವರ್ಷಕ್ಕೆ ನಿವೃತ್ತಿ. ಸಂಜೆ ಹೋಗುವಾಗ ಮಾನಿಟರಿಗೆ ಹೂವಿನ ಬಟ್ಟೆಯೊಂದನ್ನು ಹೊದಿಸಿ, ಮಗುವನ್ನು ಮಲಗಿಸಿದ ಹಾಗೆ ಅಂಚು ಸಿಕ್ಕಿಸಿ ಹೋಗುವವರು.

"ಹೇಳ್ತಿಲ್ಲಮ್ಮ. ಮುನಿಸ್ಕೊಂಡಿದೆ."

"ಮುನಿಸ್ಕೊಂಡಿರೋರನ್ನ ಬೈಬಾರ್ದು. ಕೇಳ್ಬೇಕು."

ಕೇಳುವುದೆಂದರೆ ಲಾಗ್ ಫೈಲು ಓದುವುದು. ತಾನು ಎಲ್ಲಿ ಎಡವಿದೆ ಎಂದು ಇನ್‌ಸ್ಟಾಲರು ತನಗೆ ತಾನೇ ಬರೆದುಕೊಳ್ಳುವ ದಿನಚರಿ ಅದು. ಸಾವಿರಾರು ಸಾಲು, ಎಲ್ಲಾ ಇಂಗ್ಲಿಷು. ಅವನಿಗೆ ಬಂದ ಇಂಗ್ಲಿಷೆಲ್ಲ ಕಂಪ್ಯೂಟರುಗಳು ಬೈದ ಬೈಗುಳಗಳಿಂದ ಬಂದದ್ದು. ಪರದೆಯ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಕೆಳಗಿನಿಂದ ಮೇಲಕ್ಕೆ ಓದತೊಡಗಿದ. ಕಾಲೇಜು ಕಲಿತವರು ಮೇಲಿನಿಂದ ಓದಿ ನಡುವೆ ನಿದ್ದೆ ಹೋಗುತ್ತಾರೆ. ಸತ್ತದ್ದು ಎಲ್ಲಿ ಎಂದು ಗೊತ್ತಾಗಬೇಕಾದರೆ ಹೆಣದ ಕಡೆಯಿಂದಲೇ ನಡೆಯಬೇಕು.

ಹೊರಗೆ ಹನ್ನೆರಡೂವರೆಯ ಸೈರನ್ ಕೂಗಿತು. ಕಂಪ್ರೆಸರಿನ ದಡದಡ ನಿಂತಿತು. ಊಟದ ಅರ್ಧ ಗಂಟೆ. ಬೆಳಿಗ್ಗೆಯಿಂದ ಕಿವಿಯಲ್ಲೇ ಇದ್ದ ಸದ್ದು ನಿಂತ ಕೂಡಲೇ ಆಫೀಸು ಬಾವಿಯ ಹಾಗಾಯಿತು.

ಆರುನೂರನೆಯದೋ ಏನೋ ಸಾಲು. ಈ ತಂತ್ರಾಂಶಕ್ಕೆ ಸಹಿ ಹಾಕಿರುವ ಪ್ರಮಾಣಪತ್ರ ಸದ್ಯಕ್ಕೆ ಸಿಂಧುವಲ್ಲ. ಅವನು ಮತ್ತೆ ಓದಿದ. ಅವಧಿ ಮುಗಿದಿದೆ ಅಂತ ಇರಲಿಲ್ಲ. ಅವಧಿ ಇನ್ನೂ ಶುರುವಾಗಿಲ್ಲ ಅಂತ ಇತ್ತು.

ಹುಟ್ಟದೇ ಇರುವ ಸಹಿ! ಅವನಿಗೆ ನಗು ಬಂತು. ಹೋದ ವರ್ಷ ಹಾಕಿದ ಸಹಿ ಇನ್ನೂ ಶುರುವಾಗಿಲ್ಲ ಅಂದರೆ ಇದು ಯಾವ ವರ್ಷ ಅಂದುಕೊಂಡಿದೆ? ಪರದೆಯ ಮೂಲೆಯಲ್ಲಿ ಗಂಟೆ ಸರಿಯಾಗೇ ಇತ್ತು, ಹನ್ನೆರಡು ನಲವತ್ತು. ಗಂಟೆ ಸರಿಯಿದ್ದರೆ ಯಾರೂ ಅದರಾಚೆ ನೋಡುವುದಿಲ್ಲ. ಅವನು ಬಾಣದ ಗುರುತನ್ನು ಗಂಟೆಯ ಮೇಲೆ ತಂದು ನಿಲ್ಲಿಸಿದ. ಸಣ್ಣ ಹಳದಿ ಚೀಟಿಯೊಂದು ಮೇಲೆದ್ದಿತು. ಮಾರ್ಚ್ ಹದಿನಾರು. ಮೂರು ವರ್ಷ ಹಿಂದಿನ ಮಾರ್ಚ್.

ಹೊರಗೆ ಏಪ್ರಿಲ್ ತಿಂಗಳ ಬಿಸಿಲು ಅಂಗಳದ ಸಿಮೆಂಟನ್ನು ಹಂಚಿನ ಹಾಗೆ ಕಾಯಿಸುತ್ತಿತ್ತು.

"ಅಮ್ಮಾ," ಎಂದ. "ಇದರ ತಾರೀಖು ಯಾರು ಮುಟ್ಟಿದ್ದು?"

ಟೈಪಿಸ್ಟಮ್ಮ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವರು ಹೆಮ್ಮೆಯಿಂದ ತಲೆಯೆತ್ತಿದರು. "ನಾನೇ ಕಣಪ್ಪ. ಅದು ಮಾರ್ಚ್ ಮೂವತ್ತೊಂದು ತೋರಿಸಿದ ದಿನ ತಪ್ಪದೆ ಮತ್ತೆ ಮಾರ್ಚ್ ಒಂದಕ್ಕೆ ತಂದು ನಿಲ್ಲಿಸ್ತೀನಿ. ಒಂದು ತಿಂಗಳೂ ತಪ್ಪಿಸಿಲ್ಲ. ಹೋದ ವರ್ಷ ಚಿಕನ್‌ಗುನ್ಯಾ ಆಗಿ ಕೈ ಎತ್ತೋಕಾಗ್ತಿರ್ಲಿಲ್ಲ, ಆಟೋದಲ್ಲಿ ಬಂದು ಮಾಡಿ ಹೋದೆ. ನೀನು ಹೇಳಿದ್ದೆಯಲ್ಲ, ಒಂದು ಸಲ ಮರೆತರೆ ಬಾಗಿಲು ಹಾಕ್ಕೊಳ್ಳುತ್ತೆ ಅಂತ."

ನೀನು ಹೇಳಿದ್ದೆಯಲ್ಲ.

ಅವನಿಗೆ ಎಲ್ಲಾ ನೆನಪಾಯಿತು. ನೆನಪಾಗದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಹದಿನೆಂಟು ವರ್ಷ, ಹೊಸ ಚೀಲ. ಕೀಬೋರ್ಡ್ ಬದಲಾಯಿಸಲು ಬಂದಿದ್ದ. ಹಳೇ ಪ್ರೋಗ್ರಾಮಿನ ಪರವಾನಗಿ ಮಾರ್ಚಿಗೆ ಮುಗಿಯುತ್ತದೆ, ಹೆಡ್ಡಾಫೀಸಿಗೆ ಬರೆದರೆ ಉತ್ತರವಿಲ್ಲ, ಮ್ಯಾನೇಜರ್ ಕೇಳಿದರೆ ನನ್ನ ಮೇಲೆ ಹಾಯ್ತಾನೆ ಎಂದು ಟೈಪಿಸ್ಟಮ್ಮ ಕಣ್ಣೊರೆಸಿಕೊಂಡಿದ್ದರು. ಇವನು ಎದೆಯುಬ್ಬಿಸಿ ಮುಂದೆ ಬಂದಿದ್ದ. "ಅಷ್ಟೇನಾ? ತಿಂಗಳ ಕೊನೇಗೆ ತಾರೀಖು ಒಂದಕ್ಕೆ ತಳ್ಳಿ. ಅದರಪ್ಪನಾಣೆ ಕೇಳಲ್ಲ." ಅವರು ಎರಡು ಬಿಸ್ಕತ್ತು ಕೊಟ್ಟಿದ್ದರು. ಆವತ್ತು ಮನೆಗೆ ಹೋಗಿ ಅಣ್ಣನ ಮುಂದೆ ಕೊಚ್ಚಿಕೊಂಡಿದ್ದ: ಹತ್ತಾರು ವರ್ಷ ಓದಿದವರು ಬರೆದ ಬೀಗವನ್ನು ಒಂದು ನಿಮಿಷಕ್ಕೆ ತೆಗೆದೆ, ನೋಡು. ಆಮೇಲೆ ಮರೆತೂಬಿಟ್ಟಿದ್ದ. ಬೇರೆಯವರ ಬೀಗ ತೆಗೆದವನಿಗೆ ಒಳಗೆ ಏನಿತ್ತು ಎಂದು ನೋಡುವ ಅಭ್ಯಾಸ ಇರುವುದಿಲ್ಲ.

ಹೀಗೆ ಮೂರು ವರ್ಷದಿಂದ ಈ ಕಂಪ್ಯೂಟರಿಗೆ ಮಾರ್ಚ್ ಮುಗಿದೇ ಇರಲಿಲ್ಲ.

"ಅಮ್ಮಾ, ಈ ಪ್ರೋಗ್ರಾಮು ನೋಡ್ಕೊಳ್ಳೋದು ಏನನ್ನ?"

"ನೀರಿನ ಪರೀಕ್ಷೆ ಕಣಪ್ಪ. ಸಿಲಿಂಡರಿಗೆ ಐದು ವರ್ಷಕ್ಕೊಂದು ಸಲ ನೀರು ತುಂಬಿ, ಒತ್ತಡ ಕೊಟ್ಟು, ಬಿರುಕಿದೆಯಾ ನೋಡ್ಬೇಕು. ಯಾವುದರದು ಐದು ವರ್ಷ ಆಯ್ತೋ ಅದು ಕೆಂಪಾಗುತ್ತೆ. ಕೆಂಪಾದ್ದನ್ನ ತುಂಬೋ ಹಾಗಿಲ್ಲ, ಬಿರುಕಿದ್ರೆ ತುಂಬುವಾಗ್ಲೇ ಸಿಡಿಯುತ್ತೆ. ಮಿಕ್ಕಿದ್ದೆಲ್ಲ ಹಸಿರು. ಚೀಟಿ, ತಾರೀಖು, ಅದೆಲ್ಲ ನಾನು ಕೈಯಲ್ಲೇ ಬರೀತೀನಿ." ಡಬ್ಬಿ ಮುಂದಕ್ಕೆ ಚಾಚಿದರು. "ಈಚೆಗೆ ಕೆಂಪೇ ಬರಲ್ಲ ಬಿಡು. ತಮ್ಮ ಕಾಲದಲ್ಲಿ ಒಂದೂ ಕೆಂಪಿಲ್ಲ ಅಂತ ಮ್ಯಾನೇಜರು ಹೆಡ್ಡಾಫೀಸಿಗೆ ಬರೆದು ಹೊಗಳಿಸಿಕೊಂಡ್ರು. ಪರೀಕ್ಷೆ ಮಾಡ್ತಿದ್ದ ಮುದುಕಪ್ಪನನ್ನೂ ಕಳಿಸಿಬಿಟ್ರು. ಆ ಕೋಣೇಲಿ ಈಗ ಮುರುಕು ಕುರ್ಚಿ ಇಟ್ಟಿದಾರೆ. ತಗೋ, ಒಂದು ತುತ್ತು ತಿನ್ನು."

"ಸಿಲಿಂಡರ್ ಮೇಲೇ ತಾರೀಖು ಒತ್ತಿರಲ್ವಾ?"

"ಒತ್ತಿರ್ತಾರೆ, ಕುತ್ತಿಗೇಲಿ. ಅದರ ಮೇಲೆ ಎಷ್ಟು ಸಲ ಬಣ್ಣ ಬಳಿದಿದಾರೋ. ಓದೋರು ಯಾರು? ಕಂಪ್ಯೂಟರ್ ಇದೆಯಲ್ಲ."

ಅವನು ತುತ್ತು ಮುಟ್ಟಲಿಲ್ಲ. ತಾರೀಖನ್ನು ಇವತ್ತಿಗೆ ತಂದ. ಒಂದು ಒತ್ತು, ಮೂರು ವರ್ಷ ಸರಿದುಹೋಯಿತು, ಸದ್ದೇ ಇಲ್ಲದೆ. ಆರನೇ ಸಲ ಇನ್‌ಸ್ಟಾಲರ್ ಶುರು ಮಾಡಿದ. ನೀಲಿ ಪಟ್ಟಿ ಓಡಿತು. ಎಂಬತ್ತು. ತೊಂಬತ್ತು. ಉಸಿರು ಹಿಡಿಯಿತು. ಅವನೂ ಹಿಡಿದ. ಬೆಳಿಗ್ಗೆಯಿಂದ ಐದು ಸಲ ಆ ಪಟ್ಟಿ ಮುಂದೆ ಹೋಗಲೆಂದು ಹಲ್ಲು ಕಚ್ಚಿ ಕೂತಿದ್ದವನು ಈಗ, ನಾಚಿಕೆ ಬಿಟ್ಟು ಹೇಳುವುದಾದರೆ, ಹಿಂದಕ್ಕೆ ಹೋಗಲಪ್ಪ ಎಂದು ಬೇಡಿಕೊಂಡ. ತನ್ನ ಲೆಕ್ಕ ತಪ್ಪಾಗಿರಲಿ, ಅಡ್ಡ ಬಂದದ್ದು ಬೇರೇನೋ ಆಗಿರಲಿ.

ನೂರು. ಇನ್‌ಸ್ಟಾಲ್ ಯಶಸ್ವಿಯಾಗಿದೆ.

ಹೊಸ ಪ್ರೋಗ್ರಾಮನ್ನು ಅದರ ಮೇಲೆ ಕೂರಿಸಿ, ಹಳೇ ರಿಜಿಸ್ಟರನ್ನು ಅದರೊಳಕ್ಕೆ ಎಳೆದುಕೊಂಡ. ಕಡೆಯ ಬಟನ್ ಒತ್ತಿದ. ಸಾವಿರದ ನೂರ ನಲವತ್ತು ಸಿಲಿಂಡರುಗಳ ಪಟ್ಟಿ ತೆರೆದುಕೊಂಡಿತು, ಎಲ್ಲವೂ ಬೂದು ಬಣ್ಣದಲ್ಲಿ. ಆಮೇಲೆ ಮೇಲಿನಿಂದ ಒಂದೊಂದೇ ಸಾಲಿಗೆ ಬಣ್ಣ ಬರತೊಡಗಿತು. ಕೆಂಪು. ಕೆಂಪು. ಹಸಿರು. ಕೆಂಪು. ಮೌಸಿನ ಚಕ್ರ ತಿರುಗಿಸಿದ. ಕೆಂಪು ಇಳಿಯುತ್ತಲೇ ಇತ್ತು, ತಡೆ ಇಲ್ಲದೆ. ಕೊನೆಗೆ ಅಡಿಯಲ್ಲಿ ಮೊತ್ತ ಬಂದು ನಿಂತಿತು: ಅವಧಿ ಮೀರಿದವು ಆರುನೂರ ಎಂಬತ್ತಾರು.

ಟೈಪಿಸ್ಟಮ್ಮ ಎದ್ದು ಬಂದು ಅವನ ಹಿಂದೆ ನಿಂತಿದ್ದರು. ಅವರ ಕೈಯಿಂದ ಚಮಚ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಇಬ್ಬರೂ ಬಗ್ಗಲಿಲ್ಲ.

ಅವನು ಅಣ್ಣನ ಚೀಟಿ ಬಿಡಿಸಿದ. ಮೊದಲನೇ ನಂಬರ್ ಹೊಡೆದ. ಅವಧಿ ಮೀರಿ ಎರಡು ವರ್ಷ ಏಳು ತಿಂಗಳು. ಎರಡನೆಯದು. ಎರಡು ವರ್ಷ ಹನ್ನೊಂದು ತಿಂಗಳು. ಅಣ್ಣ ಮೂರನೇ ಕ್ಲಾಸೂ ದಾಟದವನು. ಒಂದು ಸ್ಪ್ಯಾನರ್, ಎರಡು ಕಿವಿ. ಅವನಿಗೆ ಗೊತ್ತಾಗಿತ್ತು.

ಒಂದು ಗಂಟೆಯ ಸೈರನ್ ಕೂಗಿತು. ಕಂಪ್ರೆಸರ್ ಕೆಮ್ಮಿ, ಮತ್ತೆ ದಡದಡ ಶುರುವಾಯಿತು. ಕಿಟಕಿಯ ಗಾಜು ಚೌಕಟ್ಟಿನಲ್ಲಿ ನಡುಗತೊಡಗಿತು.

ಅವನು ಎದ್ದ. ಆದರೆ ಬಾಗಿಲಲ್ಲಿ ಮ್ಯಾನೇಜರ್ ಹಲ್ಲಲ್ಲಿ ಕಡ್ಡಿ ಆಡಿಸುತ್ತಾ ನಿಂತಿದ್ದ. ಹಿಂದೆ ಅವೇ ಡ್ರೈವರುಗಳು, ಬೆಳಗಿನ ಆಟದ ಎರಡನೇ ಭಾಗ ನೋಡಲು ಬಂದವರು.

"ಆಯ್ತೇನೋ ಪಂಡಿತ?"

"ಆಯ್ತು. ಶೆಡ್ ನಿಲ್ಸಿ ಸಾರ್."

"ಏನು?"

"ಶೆಡ್ ನಿಲ್ಸಿ. ತುಂಬೋದು ನಿಲ್ಸಿ. ನೋಡಿ ಇಲ್ಲಿ." ಪರದೆ ತಿರುಗಿಸಿದ. ನಾಲ್ಕು ಮಾತಿನಲ್ಲಿ ಹೇಳಿದ: ತಾರೀಖು, ಮಾರ್ಚ್, ಕೆಂಪು. ಮ್ಯಾನೇಜರ್ ದಡ್ಡನಲ್ಲ. ಎರಡನೇ ಮಾತಿಗೇ ಅವನಿಗೆ ಅರ್ಥವಾಯಿತು. ಮುಖದ ಬಣ್ಣ ಹೋಯಿತು. ಡ್ರೈವರುಗಳನ್ನು ಆಚೆ ಕಳಿಸಿ ಬಾಗಿಲು ಹಾಕಿದ. ತಿರುಗುವಷ್ಟರಲ್ಲಿ ಬಣ್ಣ ವಾಪಸು ಬಂದಿತ್ತು, ಧ್ವನಿಯಲ್ಲಿ ಬೆಲ್ಲ ಕರಗಿತ್ತು.

"ಕೂತ್ಕೋ ತಮ್ಮ. ಊಟ ಮಾಡಿದ್ಯಾ? ನೋಡು, ಆರುನೂರು ಸಿಲಿಂಡರ್ ಕೆಂಪು ಅಂದ್ರೆ ನಾಳೆಯಿಂದ ಕಾರ್ಖಾನೆಗೆ ಬೀಗ. ಬೀಗ ಅಂದ್ರೆ ನಿಮ್ಮಣ್ಣನ ಹೊಟ್ಟೆ, ಎಲ್ಲರ ಹೊಟ್ಟೆ. ಮೂರು ವರ್ಷ ಏನೂ ಆಗಿಲ್ಲ. ಇನ್ನು ಮೂರು ಗಂಟೇಲಿ ಏನಾಗುತ್ತೆ? ತಾರೀಖು ಮಾರ್ಚಿಗೇ ಹಾಕು. ಅವರು ಬಂದು, ನೋಡಿ, ಹೋಗ್ಲಿ. ಆಮೇಲೆ ನಿಧಾನಕ್ಕೆ ಒಂದೊಂದೇ ಪರೀಕ್ಷೆ ಮಾಡ್ಸೋಣ."

"ಈಗ ಶೆಡ್ಡಲ್ಲಿ ಎರಡು ಒಡಕು ನಿಂತಿವೆ. ನಮ್ಮಣ್ಣ ಅದರ ಪಕ್ಕ ನಿಂತಿದಾನೆ."

"ಯಾರ ಕೆಲಸ ಇದು?" ಬೆಲ್ಲ ಮುಗಿದಿತ್ತು. ಮ್ಯಾನೇಜರ್ ಟೈಪಿಸ್ಟಮ್ಮನ ಕಡೆ ತಿರುಗಿದ. "ತಾರೀಖು ಮುಟ್ಟಿದ್ದು ಯಾರು? ಈ ಮೆಷೀನ್ ಮುಂದೆ ಕೂರೋದು ನೀವು ಒಬ್ರೇ."

"ನಾನೇ ಸಾರ್," ಎಂದರು ಟೈಪಿಸ್ಟಮ್ಮ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿದ್ದರು. "ಯಾರೂ ಹೇಳ್ಕೊಡ್ಲಿಲ್ಲ. ನಾನೇ ಕಲ್ತುಕೊಂಡೆ."

"ನೀವು ಕಲ್ತುಕೊಂಡ್ರಾ? ಪ್ರಿಂಟರಿಗೆ ಕಾಗದ ಹಾಕೋಕೆ ಬರಲ್ಲ ನಿಮಗೆ!" ಎಂದು ಮ್ಯಾನೇಜರ್ ಶುರು ಮಾಡಿದ. ಆಮೇಲೆ ಬಾಯಿಗೆ ಬಂದದ್ದೆಲ್ಲ ಬಂತು. ಅವರ ವಯಸ್ಸು, ಅವರ ಕಣ್ಣು, ಬರಲಿರುವ ಅವರ ನಿವೃತ್ತಿ. ತಾಯಿಯ ವಯಸ್ಸಿನ ಹೆಂಗಸು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡರು. ಒಮ್ಮೆಯೂ ರಿಪೇರಿಯ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಅವನ ಕೈ ತಾನಾಗಿ ಮುಷ್ಟಿಯಾಯಿತು. ಹೊಡೆಯಬೇಕಾದದ್ದು ಯಾರಿಗೆ ಎಂಬುದು ಗೊತ್ತಾಗದೆ ಹಾಗೇ ಉಳಿಯಿತು.

"ನಾನು ಹೇಳ್ಕೊಟ್ಟಿದ್ದು," ಎಂದ.

ಮ್ಯಾನೇಜರ್ ಅವನ ಕಡೆ ತಿರುಗಿದ.

"ಮೂರು ವರ್ಷದ ಹಿಂದೆ. ಕೀಬೋರ್ಡ್ ಹಾಕೋಕೆ ಬಂದಾಗ. ಅವರದೇನೂ ತಪ್ಪಿಲ್ಲ."

ಮ್ಯಾನೇಜರ್ ನಿಧಾನವಾಗಿ ಕುರ್ಚಿ ಎಳೆದುಕೊಂಡು ಕೂತ. ಹೊಟ್ಟೆತುಂಬ ಉಂಡವನ ನೆಮ್ಮದಿ ಅವನ ಮುಖದಲ್ಲಿತ್ತು. "ಹಾಗೆ ಹೇಳು ಮತ್ತೆ. ಈಗ ಕೇಳಿಸ್ಕೋ. ಇದು ಆಚೆ ಹೋದ್ರೆ ಮೊದಲು ಜೈಲಿಗೆ ಹೋಗೋನು ನೀನು. ನಿನ್ನ ಹಿಂದೆ ಈಯಮ್ಮ. ನಂಗೆ ಈ ಮೆಷೀನ್ ಆನ್ ಮಾಡೋಕೂ ಬರಲ್ಲ, ಕಂಪ್ಯೂಟರ್ ಹೇಳಿದ್ದನ್ನ ನಂಬಿದೆ, ಅಷ್ಟೇ. ತಾರೀಖು ವಾಪಸ್ ಹಾಕು."

ಅವನು ಮೌಸ್ ಮುಟ್ಟಲಿಲ್ಲ.

"ಸರಿ. ನೀವೇ ಹಾಕಿ," ಎಂದ ಮ್ಯಾನೇಜರ್ ಟೈಪಿಸ್ಟಮ್ಮನಿಗೆ.

ಮೂವತ್ತಾರು ತಿಂಗಳು ಒಂದು ಸಲವೂ ತಪ್ಪದೆ ಅದನ್ನು ಮಾಡಿದ ಟೈಪಿಸ್ಟಮ್ಮ ಬಗ್ಗಿ, ಬಿದ್ದಿದ್ದ ಚಮಚವನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು.

"ಮರ್ತೋಯ್ತು ಸಾರ್."

ರಿಪೇರಿ ಬಾಗಿಲು ತೆಗೆದ. ಹೊರಗೆ ಕಿವಿಗೊಟ್ಟು ನಿಂತಿದ್ದ ಡ್ರೈವರುಗಳು ದಾರಿ ಬಿಟ್ಟರು. ಯಾರೂ ನಗಲಿಲ್ಲ. ಮ್ಯಾನೇಜರ್ ಹಿಂದೆಯೇ ಎದ್ದು ಮೆಟ್ಟಿಲವರೆಗೆ ಬಂದ. ಬಿಸಿಲಿಗೆ ಕಾಲಿಡಲಿಲ್ಲ.

"ಎಲ್ಲಿಗೋ ಹೊರಟೆ? ಶೆಡ್ಡಿಗಾ? ಹೋಗು! ಹೋಗಿ ನಿಮ್ಮಣ್ಣನ ಮುಂದೆ ನಿಂತ್ಕೊಂಡು ಏನಂತ ಹೇಳ್ತೀಯ? ಇದನ್ನೆಲ್ಲ ಮಾಡಿಟ್ಟೋನು ಯಾರು ಅಂತ ಹೇಳ್ತೀಯ? ಲೋ! ನಿನ್ನನ್ನೇ ಕೇಳ್ತಿರೋದು!"

ಆಫೀಸಿಗೂ ಶೆಡ್ಡಿಗೂ ನಡುವೆ ಇಡೀ ಅಂಗಳದ ತುಂಬ ಸಿಲಿಂಡರುಗಳು ನಿಂತಿದ್ದವು, ತಲೆಗೆ ಟೋಪಿ ಹಾಕಿಕೊಂಡು, ಅವನ ಎದೆಯೆತ್ತರಕ್ಕೆ, ಸಾಲು ಸಾಲಾಗಿ. ಎಲ್ಲಕ್ಕೂ ಒಂದೇ ಬಣ್ಣ; ಅವಧಿ ಮೀರಿದವು ಯಾವುವು ಎಂದು ನೋಡಿದರೆ ಗೊತ್ತಾಗುವಂತಿರಲಿಲ್ಲ. ಸಾಲುಗಳ ನಡುವೆ ಒಬ್ಬರು ಹೋಗುವಷ್ಟೇ ದಾರಿ. ಅವನು ಅದರೊಳಕ್ಕೆ ಇಳಿದ. ಓಡಬೇಕೆಂದು ಕಾಲು ಹೇಳುತ್ತಿತ್ತು. ಆದರೆ ಅವನು ಮೈಯನ್ನು ಅಡ್ಡಕ್ಕೆ ತಿರುಗಿಸಿ, ಎರಡು ಕೈಗಳನ್ನೂ ಎದೆಗೆ ಅವುಚಿಕೊಂಡು, ಅಂಗಿಯ ಅಂಚೂ ಯಾವುದಕ್ಕೂ ತಾಗದ ಹಾಗೆ, ಒಂದೊಂದೇ ಹೆಜ್ಜೆ ಇಡುತ್ತಾ ಕಂಪ್ರೆಸರಿನ ಸದ್ದಿನ ಕಡೆಗೆ ನಡೆದ.